ಅಂಗಡಿಗೆ ಎಷ್ಟು ಸರಪಳಿ?

ನಿವೃತ್ತನಾದವನ ಕೈಯಿಂದ ಸರಕಾರವು ಸರಪಳಿಯನ್ನು ಹಿಂದಕ್ಕೆ ಪಡೆಯಬಲ್ಲದೇ ಹೊರತು ಅಳೆಯುವ ಚಟವನ್ನು ಪಡೆಯಲಾರದು. ಭೂಮಾಪನ ಇಲಾಖೆಯಲ್ಲಿ 1976ರಿಂದ 2012ರವರೆಗೆ ಮೂವತ್ತಾರು ವರ್ಷ ಹೊಲಗದ್ದೆಗಳ ಬದುಗಳ ಮೇಲೆ ನಡೆದಾಡಿದ ನನ್ನ ಕಾಲುಗಳು, ಇಂದು ಕೊತ್ತಂಬರಿ ಸೊಪ್ಪು ತರಲು ಹೊರಟರೂ ತಾವಾಗಿಯೇ ಹೆಜ್ಜೆ ಎಣಿಸತೊಡಗುತ್ತವೆ. ನನ್ನ ಹದಿಮೂರು ಹೆಜ್ಜೆಗೆ ಒಂದು ಸರಪಳಿ. ಇಂದಿನ ಓದುಗರಿಗೆ ಈ ಲೆಕ್ಕ ತಿಳಿದಿರಲಾರದು: ನಮ್ಮ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ, ಸರಪಳಿ ಉದ್ದ ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂತಹ 40 ಗುಂಟೆ ಸೇರಿದರೆ ಎಕರೆ. ಅಣ್ಣತಮ್ಮಂದಿರ ನಡುವೆ ಅರ್ಧ ಆಣೆಯ ನೆಲಕ್ಕಾಗಿ ಮಾತು ನಿಂತುಹೋದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ದೂರವೆಂಬುದು ಕ್ಷುಲ್ಲಕ ವಿಷಯವೆಂದು ನನಗೆ ಎಂದೂ ಅನಿಸಿಲ್ಲ. ನನ್ನಾಕೆ ಮಾತ್ರ ಇದನ್ನು ಮದ್ದಿಲ್ಲದ ರೋಗವೆಂದೇ ಭಾವಿಸಿದ್ದಾಳೆ.

ಈ ಚಟಕ್ಕೆ ಕಳೆದ ವರ್ಷ ಒಂದು ಹೊಸ ಉದ್ಯೋಗ ದೊರೆಯಿತು. ನಮ್ಮ ಮೊಮ್ಮಗ ಅನಿರುದ್ಧನಿಗೆ ಆಗ ನಾಲ್ಕೂವರೆ ವರ್ಷ. ಚುಚ್ಚುಮದ್ದಿಗೆಂದು ಕರೆದುಕೊಂಡು ಹೋದಾಗ ಮಕ್ಕಳ ವೈದ್ಯೆ ಅವನನ್ನು ತೂಗಿ, ಗೋಡೆಗೆ ನಿಲ್ಲಿಸಿ ಎತ್ತರ ನೋಡಿ, ಒಂದು ನಕ್ಷೆಯ ಮೇಲೆ ಚುಕ್ಕೆಯಿಟ್ಟರು. ನಕ್ಷೆಯನ್ನು ಕಂಡರೆ ನನಗೆ ಕುತೂಹಲ ತಡೆಯದು, ಬಗ್ಗಿ ನೋಡಿದೆ. ಎತ್ತರ 105 ಸೆಂಟಿಮೀಟರು, ತೂಕ 21 ಕಿಲೋ. ಆ ಎತ್ತರದ ಹುಡುಗನಿಗೆ ಸುಮಾರು 17 ಕಿಲೋ ನಡುಗೆರೆಯಂತೆ. ವಿಶ್ವ ಆರೋಗ್ಯ ಸಂಸ್ಥೆಯವರು ಐದು ವರ್ಷದೊಳಗಿನ ಮಕ್ಕಳಿಗೆಂದು ಎಳೆದ ಗೆರೆಗಳಲ್ಲಿ, ಎತ್ತರಕ್ಕೆ ತಕ್ಕ ತೂಕ ಯಾವುದನ್ನು ದಾಟಬಾರದೋ ಆ ಗೆರೆಯ ಆಚೆಗೆ ನಮ್ಮ ಹುಡುಗನ ಚುಕ್ಕೆ ಕುಳಿತಿತ್ತು. ಒತ್ತುವರಿ ಎಂಬ ಶಬ್ದವೇ ನನ್ನ ಬಾಯಿಗೆ ಬಂತು, ನುಂಗಿಕೊಂಡೆ.

ಮನೆಗೆ ಬಂದು ವಿಷಯ ತಿಳಿಸಿದಾಗ ನನ್ನಾಕೆ ಮೊದಲು ಮಾಡಿದ ಕೆಲಸ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದು. "ಮಗು ತುಂಬಿಕೊಂಡಿದೆ ಎನ್ನುವುದನ್ನೂ ಕಾಯಿಲೆ ಎನ್ನುವ ಕಾಲ ಬಂತಲ್ಲ!" ಎಂದಳು. ಅವಳ ಮಾತನ್ನು ಹಾಸ್ಯ ಮಾಡುವವನು ನಾನಲ್ಲ. ಅವಳ ಒಡಹುಟ್ಟಿದವರು ಏಳು ಮಂದಿ, ಉಳಿದವರು ನಾಲ್ಕು. ಕೆನ್ನೆ ತುಂಬಿದ ಮಗು ಬದುಕುವ ಮಗು ಎಂಬುದು ಅವಳ ತಾಯಿ ಬೆಲೆ ತೆತ್ತು ಕಲಿತ ಪಾಠ. ಆದರೆ ಸಂಜೆ ಉದ್ಯಾನದಲ್ಲಿ ಜಾರುಬಂಡೆಯ ಮೆಟ್ಟಿಲನ್ನು ಎರಡು ಏರಿ, ಏದುಸಿರು ಬಿಟ್ಟು ಕೆಳಗಿಳಿದು, "ನನಗೆ ಆಡುವುದು ಇಷ್ಟವಿಲ್ಲ ತಾತ" ಎಂದು ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಮುದುಕನಂತೆ ಕೂರುತ್ತಿದ್ದ ಹುಡುಗನನ್ನು ಅವಳು ನೋಡಿರಲಿಲ್ಲ. ನಾನು ನಿತ್ಯ ನೋಡುತ್ತಿದ್ದೆ. ಎಪ್ಪತ್ತು ದಾಟಿದವನಿಗೆ ಬೆಂಚಿನ ಮೇಲೆ ಜೊತೆಗಾರ ಬೇಕು ನಿಜ. ಅವನು ನಾಲ್ಕೂವರೆ ವರ್ಷದವನಾಗಿರಬಾರದು.

ವೈದ್ಯೆ ವಿವರವಾಗಿ ವಿಚಾರಿಸಿದರು. ಹುಡುಗ ಏನು ತಿನ್ನುತ್ತಾನೆ, ಎಷ್ಟು ಹೊತ್ತಿಗೆ ತಿನ್ನುತ್ತಾನೆ, ಯಾರು ಕೊಡುತ್ತಾರೆ ಎಂದೆಲ್ಲ ಕೇಳಿ, ಕೊನೆಗೆ, "ನಿಮ್ಮ ಮನೆಯ ಸುತ್ತಮುತ್ತ ತಿಂಡಿಯ ಅಂಗಡಿಗಳು ಎಷ್ಟಿವೆ?" ಎಂದರು. ಮಗ, ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಇಪ್ಪತ್ತು ವರ್ಷ ಕಿರಿಯನಾದಂತಾಯಿತು. ಮರುದಿನ ಬೆಳಿಗ್ಗೆಯೇ ಟಿಪ್ಪಣಿ ಪುಸ್ತಕ ಹಿಡಿದು ಹೊರಟೆ.

ನಾವು ಜಯನಗರಕ್ಕೆ ಬಂದುದು 1981ರಲ್ಲಿ. ಅಂದು ನಮ್ಮ ರಸ್ತೆಯಲ್ಲಿ ತಿಂಡಿಯೆಂದರೆ ಒಂದು ಅಯ್ಯಂಗಾರ್ ಬೇಕರಿ; ಅಲ್ಲಿನ ಖಾರಾ ಬನ್ನು, ದಿಲ್‌ಪಸಂದ್ ತಿಂಗಳ ಮೊದಲ ವಾರದ ಭಾಗ್ಯ. ಹೋಟೆಲು ತಿಂಡಿ ಬೇಕಾದರೆ ಮನೆಮಂದಿಯೆಲ್ಲ ಶುಭ್ರವಾದ ಬಟ್ಟೆ ಉಟ್ಟು ಹೊರಡಬೇಕು; ಅದೊಂದು ಪ್ರಯಾಣ. 1983ರಲ್ಲಿ ನಮ್ಮ ಬಡಾವಣೆಯಲ್ಲೇ ಕೆಫೆ ದರ್ಶಿನಿ ಆರಂಭವಾದಾಗ, ನಿಂತು ತಿಂದು ಐದು ನಿಮಿಷದಲ್ಲಿ ಹೊರಬರುವ ಆ ಸಂಪ್ರದಾಯವನ್ನು ಕಂಡು ಹಿರಿಯರು ಮೂಗು ಮುರಿದರು. ಆಮೇಲೆ ಅವರೇ ಸಾಲಿನಲ್ಲಿ ನಿಂತರು. ಇಡ್ಲಿ ಶೀಘ್ರವಾಗಿ ದೊರೆತ ಮಾತ್ರಕ್ಕೆ ಯಾರಿಗೂ ಕೇಡಾಗಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವಸರದ ತಿಂಡಿಯೆಲ್ಲ ಒಂದೇ ಜಾತಿಯದಲ್ಲ. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಹುರಿದ ಕೋಳಿಯ ಕಂಪನಿಯು ಭಾರತದ ತನ್ನ ಮೊದಲ ಮಳಿಗೆ ತೆರೆದಾಗ ಎಷ್ಟು ಗಲಾಟೆಯಾಯಿತು! ಮರುವರ್ಷ ಜನವರಿಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ನುಗ್ಗಿ ಗಾಜು ಪುಡಿಮಾಡಿದ ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂತು. ನಮಗೆ ಅದೆಲ್ಲ ದೂರದ ಯುದ್ಧ. ಎರಡು ಬಸ್ಸು ಬದಲಿಸಿ ಹೋಗಿ ನೋಡಬೇಕಾದ ವಸ್ತು.

ಈಗ ಟಿಪ್ಪಣಿ ಪುಸ್ತಕ ಏನು ಹೇಳುತ್ತದೆ? ನಮ್ಮ ಗೇಟಿನಿಂದ ಹುಡುಗನ ಶಿಶುವಿಹಾರದ ಗೇಟಿಗೆ 26 ಸರಪಳಿ. ಈ ದಾರಿಯಲ್ಲಿ ಬೇಕರಿ ಮೂರು. ಚಾಟ್ ಗಾಡಿ ಎರಡು. ಗೋಬಿ ಮಂಚೂರಿಯ ಗಾಡಿ ಒಂದು. ಪಿಜ್ಜಾ ಅಂಗಡಿ ಒಂದು. ಹುರಿದ ಕೋಳಿಯದು ಒಂದು. ಐಸ್‌ಕ್ರೀಮು, ಹಣ್ಣಿನ ರಸದ ಹೆಸರಿನಲ್ಲಿ ಸಕ್ಕರೆ ನೀರು ಮಾರುವವು ಎರಡು. ಬಣ್ಣದ ಪೊಟ್ಟಣಗಳನ್ನು ತೋರಣದಂತೆ ತೂಗುಹಾಕಿದ ಚಿಲ್ಲರೆ ಅಂಗಡಿ ಐದು. ಒಟ್ಟು ಹದಿನೈದು. ಮೊದಲನೆಯದು ನಮ್ಮ ಗೇಟಿನಿಂದ ಎರಡೇ ಸರಪಳಿ. ಇದೇ ದಾರಿಯಲ್ಲಿ ಹಣ್ಣಿನ ಅಂಗಡಿ ಒಂದು, ತರಕಾರಿ ಗಾಡಿ ಒಂದು. ಆ ಗಾಡಿಯೂ ಹತ್ತು ಗಂಟೆಯ ಮೇಲೆ ಇರುವುದಿಲ್ಲ.

ಗೋಬಿ ಮಂಚೂರಿಯ ವಿಷಯದಲ್ಲಿ ಒಂದು ಮಾತು. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರಕಾರ ಅದಕ್ಕೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಕೂಡದೆಂದು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ನಮ್ಮ ಬೀದಿಯಲ್ಲಿ ಅನೇಕರು, ಬಣ್ಣ ಹೋದಮೇಲೆ ದೋಷವೂ ಹೋಯಿತೆಂದು ತಿಳಿದು ಎರಡು ತಟ್ಟೆ ಹೆಚ್ಚು ತಿನ್ನುತ್ತಿರುವಂತೆ ನನಗೆ ತೋರುತ್ತದೆ. ಎಣ್ಣೆಗೆ ಬಣ್ಣವಿಲ್ಲದ ಕಾರಣ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಟಿಪ್ಪಣಿಯಲ್ಲಿ ಇನ್ನೊಂದು ಅಳತೆಯೂ ಇದೆ. ಚಿಲ್ಲರೆ ಅಂಗಡಿಗಳಲ್ಲಿ ಪೊಟ್ಟಣಗಳ ಸರಗಳು ನೆಲದಿಂದ ಮೂರು ಅಡಿ ಎತ್ತರಕ್ಕೆ ಬಂದು ನಿಲ್ಲುತ್ತವೆ. ಅನಿರುದ್ಧನ ಕಣ್ಣು ಇರುವುದೂ ಅಲ್ಲಿಯೇ. ಒಬ್ಬ ಅಂಗಡಿಯವನನ್ನು ಕೇಳಿದೆ, "ಇವನ್ನು ಇಷ್ಟು ತಗ್ಗಿನಲ್ಲಿ ಏಕಪ್ಪ ಕಟ್ಟಿದ್ದೀಯೆ?" ಅವನು ಪ್ರಾಮಾಣಿಕ. "ಮೇಲೆ ಕಟ್ಟಿದರೆ ದೊಡ್ಡವರು ನೋಡುತ್ತಾರೆ ಸಾರ್. ದೊಡ್ಡವರು ನೋಡಿದರೆ ವ್ಯಾಪಾರವೆಲ್ಲಿ?" ಎಂದ.

ಈ ಸಂಗತಿಗಳನ್ನೆಲ್ಲ ನನ್ನ ತಂಗಿಯ ಮಗಳಿಗೆ ಬರೆದೆ. ಅವಳು ಅಮೆರಿಕದ ಒಹಾಯೊ ಪ್ರಾಂತದಲ್ಲಿ ಸಂಸಾರ ಹೂಡಿ ಹದಿನೆಂಟು ವರ್ಷವಾಯಿತು. ಅಂಗಡಿ ಹತ್ತಿರವಾದಷ್ಟೂ ಮಕ್ಕಳು ದಪ್ಪವಾಗುತ್ತಾರೆಂಬುದು ಹೊಲದ ನಕ್ಷೆಯಷ್ಟು ಸ್ಪಷ್ಟವೆಂದು ನನ್ನ ಭಾವನೆ. ಅದಕ್ಕೆ ಪ್ರಮಾಣ ಕಳುಹಿಸೆಂದು ಕೇಳಿದ್ದೆ. ಅವಳು ಕಳುಹಿಸಿದ್ದು ನಾನು ಕೇಳಿದ್ದಕ್ಕಿಂತ ಸ್ವಾರಸ್ಯವಾಗಿತ್ತು.

ಮೊದಲನೆಯದು ಅವಳ ಪ್ರಾಂತದ್ದೇ, ಸಿನ್ಸಿನಾಟಿ ನಗರದ್ದು. ಹಿಲರಿ ಬರ್ಡೆಟ್, ರಾಬರ್ಟ್ ವಿಟೇಕರ್ ಎಂಬ ಇಬ್ಬರು ಸಂಶೋಧಕರು ಬಡ ಕುಟುಂಬಗಳ ಮೂರು, ನಾಲ್ಕು ವರ್ಷದ 7,020 ಮಕ್ಕಳ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಪ್ರತಿ ಮನೆಯಿಂದ ಅತ್ಯಂತ ಸಮೀಪದ ಅವಸರದ ತಿಂಡಿಯ ಅಂಗಡಿಗೂ ಆಟದ ಬಯಲಿಗೂ ಎಷ್ಟು ದೂರವೆಂದು ಅಳೆದರು. ಅಂಗಡಿಗೆ ಸರಾಸರಿ ಮುಕ್ಕಾಲು ಮೈಲಿಗೆ ತುಸು ಕಡಿಮೆ. ನನ್ನ ಲೆಕ್ಕದಲ್ಲಿ 112 ಸರಪಳಿ. 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಮಗುವಿನ ತೂಕಕ್ಕೂ ಈ ದೂರಕ್ಕೂ ಸಂಬಂಧ ಕಾಣಲಿಲ್ಲ. ಅಂಗಡಿಯ ಮಗ್ಗುಲಲ್ಲಿದ್ದ ಮಗುವೂ ಮೈಲಿಯಾಚೆಯ ಮಗುವೂ ಒಂದೇ. ಆಟದ ಬಯಲು ಹತ್ತಿರವಿದ್ದುದರಿಂದಲೂ ತೂಕದಲ್ಲಿ ವ್ಯತ್ಯಾಸವಾಗಿರಲಿಲ್ಲ.

ಮೂವತ್ತಾರು ವರ್ಷ ದೂರವನ್ನೇ ನಂಬಿದವನಿಗೆ ಇದು ಸುಲಭವಾಗಿ ಗಂಟಲಿನಲ್ಲಿ ಇಳಿಯುವ ತುತ್ತಲ್ಲ. ಆದರೆ ಎರಡನೆಯ ಲೇಖನ ಸಮಾಧಾನ ತಂದಿತು. ಇದು ಕ್ಯಾಲಿಫೋರ್ನಿಯಾದ್ದು, ಜ್ಯಾನೆಟ್ ಕರೀ ಎಂಬ ಅರ್ಥಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು 2010ರಲ್ಲಿ ಪ್ರಕಟಿಸಿದ್ದು. ಒಂಬತ್ತನೆಯ ತರಗತಿಯ ಸುಮಾರು 30 ಲಕ್ಷ ವಿದ್ಯಾರ್ಥಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದರು. ಶಾಲೆಯಿಂದ ಮೈಲಿಯ ಹತ್ತನೆಯ ಒಂದು ಭಾಗದೊಳಗೆ ಇಂತಹ ತಿಂಡಿಯ ಅಂಗಡಿಯಿದ್ದರೆ, ಆ ಶಾಲೆಯಲ್ಲಿ ಸ್ಥೂಲಕಾಯದ ಪ್ರಮಾಣ ಕನಿಷ್ಠ 5.2 ಶೇಕಡಾದಷ್ಟು ಏರಿರುವುದು ಕಂಡುಬಂತು. ನೂರು ವಿದ್ಯಾರ್ಥಿಗಳಲ್ಲಿ ಐವರು ಹೆಚ್ಚಿದರೆಂದು ಇದರ ಅರ್ಥವಲ್ಲ. ಮೊದಲೇ ಸ್ಥೂಲರಾಗಿದ್ದವರು ನೂರು ಮಂದಿಯಿದ್ದರೆ ಆ ಸಂಖ್ಯೆ ನೂರೈದಾಯಿತು ಎಂದರ್ಥ. ಅದೇ ಅಂಗಡಿ ಕಾಲು ಮೈಲಿ ದೂರವಿದ್ದರೆ ಆ ಪರಿಣಾಮವೇ ಕಾಣಲಿಲ್ಲ. ಮೈಲಿಯ ಹತ್ತನೆಯ ಒಂದು ಭಾಗವೆಂದರೆ 528 ಅಡಿ. ಭಾಗಿಸಿ ನೋಡಿ, ಸರಿಯಾಗಿ 16 ಸರಪಳಿ! ಆಣೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಅಂದು ರಾತ್ರಿ ನಾನು ಎರಡು ಸಲ ಎದ್ದು ಈ ಲೆಕ್ಕವನ್ನು ಮಾಡಿದೆನೆಂದು ನನ್ನಾಕೆ ಇಂದಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ.

ಹಾಗಾದರೆ ಸಿನ್ಸಿನಾಟಿಯ ಮಗುವಿಗೆ ತಟ್ಟದ ದೂರ, ಕ್ಯಾಲಿಫೋರ್ನಿಯಾದ ಹುಡುಗನಿಗೆ ಏಕೆ ತಟ್ಟಿತು? ನನ್ನ ಸೋದರ ಸೊಸೆ ಕಾಗದದ ಕೊನೆಯಲ್ಲಿ ಒಂದೇ ವಾಕ್ಯ ಬರೆದಿದ್ದಳು: "ಮಾವ, ಮೂರು ವರ್ಷದ ಮಗು ಅಂಗಡಿಗೆ ಒಬ್ಬನೇ ಹೋಗುವುದಿಲ್ಲವಷ್ಟೆ?" ಹದಿನಾಲ್ಕು ವರ್ಷದವನ ಜೇಬಿನಲ್ಲಿ ಕಾಸಿದೆ, ಕಾಲಿನಲ್ಲಿ ಕಸುವಿದೆ, ಊಟದ ಬಿಡುವು ಅರ್ಧ ಗಂಟೆ ಇದೆ. 16 ಸರಪಳಿ ಹೋಗಿ ಬರಲು ಅದು ಸಾಕು. 40 ಸರಪಳಿಗೆ ಸಾಲದು. ಮೂರು ವರ್ಷದ ಮಗುವಿಗಾದರೋ ಅಂಗಡಿಯ ದೂರ ಅದರ ಮನೆಯ ಹಿರಿಯರ ಕೈಯುದ್ದ. ಆ ಹಿರಿಯರ ಬಳಿ ಕಾರಿದ್ದರೆ ಮೈಲಿಯೂ ಒಂದೇ, ಫರ್ಲಾಂಗೂ ಒಂದೇ. ಎಳೆಯ ಮಕ್ಕಳ ವಿಷಯದಲ್ಲಿ ಬೀದಿಯು ತಪ್ಪಿತಸ್ಥನೇ ಎಂದು ಕೇಳಿದರೆ, ಬೀದಿಯು ನೇರವಾಗಿ ಮಗುವಿಗೆ ಏನೂ ತಿನ್ನಿಸುವುದಿಲ್ಲ, ಅದು ದೊಡ್ಡವರ ಮೂಲಕ ತಿನ್ನಿಸುತ್ತದೆ ಎಂದು ನಾನು ಸಾಕ್ಷಿ ಹೇಳಬಲ್ಲೆ.

ಬೀದಿಯನ್ನೇ ಹಿಡಿದು ಶಿಕ್ಷಿಸಲು ಹೊರಟವರ ಕಥೆಯೂ ಆ ಕಟ್ಟಿನಲ್ಲಿತ್ತು. ಲಾಸ್ ಏಂಜಲಿಸ್ ನಗರದವರು 2008ರಲ್ಲಿ, ಬಡವರು ಹೆಚ್ಚಾಗಿರುವ ದಕ್ಷಿಣ ಭಾಗದಲ್ಲಿ ಪ್ರತ್ಯೇಕ ಕಟ್ಟಡದ ಹೊಸ ತಿಂಡಿ ಅಂಗಡಿಗಳನ್ನು ತೆರೆಯಕೂಡದೆಂದು ಕಟ್ಟಳೆ ಮಾಡಿದರು. 2015ರಲ್ಲಿ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಲೆಕ್ಕ ತೆಗೆದರೆ, ಆ ಪ್ರದೇಶದಲ್ಲಿ ಬೊಜ್ಜು ಇಳಿಯುವುದಿರಲಿ, ಉಳಿದ ಭಾಗಗಳಿಗಿಂತ ಹೆಚ್ಚಾಗಿಯೇ ಏರಿತ್ತು. ಹಳೆಯ ಅಂಗಡಿಗಳು ಇದ್ದಂತೆಯೇ ಇದ್ದವು. ಹೊಸವು ಸಾಲುಮಳಿಗೆಗಳ ಒಳಗೆ ಹುಟ್ಟಿಕೊಂಡವು. ಗಡಿ ಕಲ್ಲನ್ನು ನೆಡುವಾಗ ಯಾವ ಬದುವನ್ನು ಕಾಯುತ್ತಿದ್ದೇವೆಂದು ತಿಳಿದಿರಬೇಕಷ್ಟೆ.

ನಮ್ಮಲ್ಲಿಯೂ ಒಂದು ಗಡಿ ಕಲ್ಲು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದವರ 2020ರ ನಿಯಮದಂತೆ ಶಾಲೆಯ ಆವರಣದಲ್ಲಿಯೂ ಗೇಟಿನಿಂದ 50 ಮೀಟರಿನೊಳಗೂ, ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ. 50 ಮೀಟರೆಂದರೆ ಐದು ಸರಪಳಿ, ಒಂದಡಿ ಕಡಿಮೆ. ನಿಯಮ ಒಳ್ಳೆಯದು; ಅದನ್ನು ಮಾಡಿದವರಿಗೆ ನಮಸ್ಕಾರ. ಅನಿರುದ್ಧನ ಶಿಶುವಿಹಾರದ ಗೇಟಿನಿಂದ ಅಳೆದಾಗ ಮೂರು ಸರಪಳಿಯಲ್ಲಿ ಒಂದು ಚಿಲ್ಲರೆ ಅಂಗಡಿ, ನಾಲ್ಕೂವರೆಯಲ್ಲಿ ಒಂದು ಗಾಡಿ ಸಿಕ್ಕವು. ಸರಪಳಿ ಹಿಡಿದವನಿಲ್ಲದೆ ಗಡಿ ಎಲ್ಲಿಯದು? ಲಂಡನ್ನಿನಲ್ಲಿ 2021ರ ನಗರ ಯೋಜನೆಯು ಶಾಲೆಗೆ 400 ಮೀಟರ್ ನಡಿಗೆಯೊಳಗೆ ಹೊಸದಾಗಿ ಕಟ್ಟಿಕೊಡುವ ಬಿಸಿ ತಿಂಡಿಯ ಅಂಗಡಿ ಬೇಡವೆನ್ನುತ್ತದೆ. ನಮ್ಮ ನಗರದಲ್ಲಿ 400 ಮೀಟರ್ ಬಿಟ್ಟರೆ ಮುಂದಿನ ಶಾಲೆಯೇ ಬಂದುಬಿಡುತ್ತದೆ.

ಈ ಎಲ್ಲ ಅಳತೆಗಳನ್ನು ನಾನು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದಾಗಲೇ ಒಂದು ರಾತ್ರಿ ಎಂಟೂವರೆಗೆ ಕರೆಗಂಟೆ ಬಾರಿಸಿತು. ಬಾಗಿಲು ತೆರೆದರೆ ಕೆಂಪು ಅಂಗಿಯ ತರುಣನೊಬ್ಬ ಪೊಟ್ಟಣ ಹಿಡಿದು ನಿಂತಿದ್ದಾನೆ. ಮಗ ಕಚೇರಿಯಿಂದ ಬರುತ್ತಲೇ ದಾರಿಯಲ್ಲಿ ಫೋನಿನಲ್ಲಿ ತರಿಸಿದ ಪಿಜ್ಜಾ. ಮಗನಿಗಿಂತ ಅದು ಮೊದಲು ಮನೆ ಸೇರಿತ್ತು. ಅಂಗಡಿಗೆ ನಮ್ಮ ಮನೆಯಿಂದ ಎಷ್ಟು ಸರಪಳಿಯೆಂದು ಬರೆದ ಹಾಳೆ ನನ್ನ ಕೈಯಲ್ಲಿಯೇ ಇತ್ತು; ಆ ತರುಣ ಅದರ ಮುಂದೆಯೇ ನಿಂತು, "ಸಾರ್, ಸಹಿ ಬೇಡ, ತೆಗೆದುಕೊಳ್ಳಿ ಸಾಕು" ಎಂದ. ಸೊನ್ನೆ ಸರಪಳಿ. ಇಂತಹ ವ್ಯವಸ್ಥೆಯನ್ನು ದೇಶಕ್ಕೆಲ್ಲ ಹಬ್ಬಿಸಿದ ಕಂಪನಿಗಳಲ್ಲೊಂದು 2014ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತೆಂದು ಮಗ ಹೆಮ್ಮೆಯಿಂದ ಹೇಳುವುದುಂಟು.

ಅನಿರುದ್ಧ ಮಲಗಿದ ಮೇಲೆ ಮಗನೊಡನೆ ಮಾತು ತೆಗೆದೆ. ವಾದಕ್ಕೆಂದು ತೆಗೆಯಲಿಲ್ಲ, ಆದರೂ ಅದು ವಾದವೇ ಆಯಿತು. ಕೊನೆಗೆ ಅವನೆಂದ: "ಅಪ್ಪಾ, ಬೆಳಿಗ್ಗೆ ನಾನು ಹೊರಡುವಾಗ ಅವನು ಮಲಗಿರುತ್ತಾನೆ. ರಾತ್ರಿ ಬಂದಮೇಲೆ ಒಂದು ಗಂಟೆ ನನ್ನ ಮಗ ನನಗೆ ಸಿಗುತ್ತಾನೆ. ಬಾಗಿಲಿಗೆ ಓಡಿ ಬಂದು 'ಏನು ತಂದೆ?' ಎನ್ನುತ್ತಾನೆ. ಇರುವ ಆ ಒಂದು ಗಂಟೆಯಲ್ಲಿ ಅವನಿಗೆ 'ಇಲ್ಲ' ಎಂದು ಹೇಳುವ ಅಪ್ಪ ನಾನಾಗಲೇ?"

ಇದಕ್ಕೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಯಾವ ಅಂಗಡಿಯೂ ಆ ಗಂಟೆಯನ್ನು ಅವನಿಂದ ಕಸಿದಿರಲಿಲ್ಲ; ಹೊರವರ್ತುಲ ರಸ್ತೆ ಕಸಿದಿತ್ತು, ಕಚೇರಿ ಕಸಿದಿತ್ತು. ಕಸಿದುಹೋದುದರ ಜಾಗದಲ್ಲಿ ಏನನ್ನಾದರೂ ಇಡಬೇಕಲ್ಲವೆ? ಹತ್ತಿರ ಸಿಕ್ಕದ್ದನ್ನು ಇಟ್ಟಿದ್ದ. ಅಡುಗೆಮನೆಯಲ್ಲಿ ಸೊಸೆ ತಟ್ಟೆ ತೊಳೆಯುತ್ತಿದ್ದ ಸದ್ದು ನಿಂತುಹೋಗಿತ್ತು, ಅವಳೂ ಕೇಳುತ್ತಿದ್ದಳು. ಅವಳ ಗಂಟೆ ಇವನದಕ್ಕಿಂತ ಉದ್ದವೇನಲ್ಲ.

ಮುಂದಿನ ವಾರ ನಾವೆಲ್ಲರೂ ವೈದ್ಯೆಯ ಬಳಿಗೆ ಹೋದೆವು. ಈ ಬಾರಿ ನನ್ನಾಕೆಯನ್ನೂ ಹೊರಡಿಸಿದೆ. ಅವಳು ಕುಳಿತೊಡನೆ, "ಹೋದ ವರ್ಷ ಈ ಮಗು ಸೊರಗಿತ್ತು ಡಾಕ್ಟರೇ, ಪಕ್ಕೆಲುಬು ಎಣಿಸುವಂತಿತ್ತು, ಅದಕ್ಕೇ ಎಲ್ಲರೂ ಸ್ವಲ್ಪ ಹೆಚ್ಚಾಗಿ ತಿನ್ನಿಸಿದೆವು" ಎಂದಳು. ಆ ತಾಯಿ ನಗಲಿಲ್ಲ. ಅವರು ಹೇಳಿದ್ದನ್ನು ಪ್ರತಿಯೊಂದು ಮನೆಯ ಅಜ್ಜಿಯೂ ಕೇಳಬೇಕು. ಮಗು ಮೊದಲ ವರ್ಷದಲ್ಲಿ ತುಂಬಿಕೊಳ್ಳುತ್ತದೆ. ನಡೆಯಲು ಕಲಿತ ಮೇಲೆ ಎತ್ತರಕ್ಕೆ ಬೆಳೆದು ಸಣಕಲಾಗುತ್ತ ಹೋಗುತ್ತದೆ. ಐದಾರು ವರ್ಷದ ಸುಮಾರಿಗೆ ಅತ್ಯಂತ ತೆಳ್ಳಗೆ ಕಾಣುತ್ತದೆ. ಆಮೇಲೆ ಮತ್ತೆ ತುಂಬತೊಡಗುತ್ತದೆ. ಇದು ಸೃಷ್ಟಿಯ ಕ್ರಮ. ಫ್ರಾನ್ಸ್ ದೇಶದ ರೋಲಾಂ-ಕಶೆರಾ ಎಂಬ ಸಂಶೋಧಕಿ 1984ರಲ್ಲಿಯೇ ತೋರಿಸಿಕೊಟ್ಟಂತೆ, ಈ ಎರಡನೆಯ ತುಂಬುವಿಕೆ ಬಹಳ ಬೇಗ ಆರಂಭವಾದ ಮಕ್ಕಳು ಮುಂದೆ ಸ್ಥೂಲರಾಗುವ ಸಂಭವ ಹೆಚ್ಚು. ಮಗು ಸೊರಗಿತೆಂದು ನಾವು ಗಾಬರಿಯಾಗುವ ವಯಸ್ಸು, ಅದು ಸಹಜವಾಗಿ ಸಣ್ಣಗಿರಬೇಕಾದ ವಯಸ್ಸು.

ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಅದು ನಮ್ಮ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ವೈದ್ಯರು ಹುಟ್ಟಿದಂದಿನಿಂದ ಅಳೆಯುತ್ತ ಬಂದರು. ಇಂಗ್ಲೆಂಡಿನ ಮಕ್ಕಳಿಗಿಂತ ನಮ್ಮ ಕೂಸುಗಳು ತೂಕದಲ್ಲಿ ಕಡಿಮೆ; ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಲ್ಲ; ನಾಲ್ಕು ವರ್ಷದ ಹೊತ್ತಿಗೆ ಅದು ಅವರಿಗಿಂತ ಹೆಚ್ಚೇ. ಮೇಲೆ ಸಣ್ಣ, ಒಳಗೆ ಕೊಬ್ಬು. ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲವನ್ನೂ ಹೇಳುವುದಿಲ್ಲ. "ಆದ್ದರಿಂದಲೇ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಇಷ್ಟು ಬೇಗ ಬರುತ್ತದೆಯೇ?" ಎಂದು ಸೊಸೆ ಕೇಳಿದಳು. ಅದೂ ಒಂದು ಕಾರಣವೆಂದರು. ಅವಳ ತಂದೆಗೆ ನಲವತ್ತರಲ್ಲಿಯೇ ಬಂದಿತ್ತು.

ಉಪಚಾರವೇನೆಂದರೆ, ತೂಕ ಇಳಿಸುವುದೇ ಬೇಡ. ತೂಕ ಇದ್ದಲ್ಲಿಯೇ ನಿಂತರೆ ಸಾಕು. ಹುಡುಗ ಎತ್ತರ ಬೆಳೆದಂತೆ ತಾನೇ ಸರಿದೂಗುತ್ತದೆ. ಉಪವಾಸ ಬೇಡ, ಔಷಧಿ ಬೇಡ, ಅವನ ಮುಂದೆ "ದಪ್ಪ" ಎಂಬ ಶಬ್ದವೂ ಬೇಡ. ಈ ಕೊನೆಯದನ್ನು ವೈದ್ಯೆ ಎರಡು ಸಲ ಹೇಳಿದರು. ಹೈದರಾಬಾದಿನ ಪೋಷಣಾ ಸಂಸ್ಥೆಯವರ ಲೆಕ್ಕದಲ್ಲಿ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 1,360 ಕ್ಯಾಲೊರಿ ಸಾಕು. 50 ಗ್ರಾಮಿನ ಒಂದು ಆಲೂಗಡ್ಡೆ ಚಿಪ್ಸಿನ ಪೊಟ್ಟಣದಲ್ಲಿ ಸುಮಾರು 270 ಇರುತ್ತದೆ. ದೊಡ್ಡವರಿಗೆ ಅದು ಬಾಯಾಡಿಸುವ ವಸ್ತು. ಅನಿರುದ್ಧನಿಗೆ ದಿನದ ಆಹಾರದ ಐದನೆಯ ಒಂದು ಪಾಲು.

ಇಲ್ಲಿ ನಮ್ಮ ಮನೆಗೆಲಸದ ಗೌರಮ್ಮನ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಅವಳ ಮಗಳಿಗೂ ನಾಲ್ಕು ವರ್ಷ. ಶನಿವಾರಗಳಲ್ಲಿ ತಾಯಿಯ ಜೊತೆ ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. ಕೈಯಲ್ಲಿ ಐದು ರೂಪಾಯಿಯ ಪೊಟ್ಟಣ. ಮಧ್ಯಾಹ್ನದವರೆಗೆ ಅದೇ ಅವಳ ಊಟ. ಅವಳ ಕೈಯನ್ನು ನನ್ನ ಎರಡು ಬೆರಳಿನಲ್ಲಿ ಸುತ್ತಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ನೂರಕ್ಕೆ 2.1 ಇದ್ದುದು 2019-21ರ ಹೊತ್ತಿಗೆ 3.4 ಆಯಿತು, ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಗ್ಗಿದವರು ನೂರಕ್ಕೆ 35.5. ಎರಡು ಸರಪಳಿ ದೂರದ ಅಂಗಡಿಯ ಒಂದೇ ತೋರಣದಿಂದ ಹರಿದ ಪೊಟ್ಟಣಗಳು ನಮ್ಮ ಮನೆಯ ಒಳಗೊಂದು ಲೆಕ್ಕಕ್ಕೂ, ಮೆಟ್ಟಿಲ ಮೇಲೊಂದು ಲೆಕ್ಕಕ್ಕೂ ಸೇರುತ್ತಿದ್ದವು. ಈಗ ಶನಿವಾರ ಆ ಮಗು ಅನಿರುದ್ಧನ ಜೊತೆ ಕುಳಿತು ತಿಂಡಿ ತಿನ್ನುತ್ತದೆ. ಇದು ನನ್ನಾಕೆಯ ಏರ್ಪಾಡು; ನಾನು ಹೇಳಿದ್ದಲ್ಲ. ಒಂದು ಮಗುವಿಗೆ ತಿನ್ನಿಸಬೇಡಿರೆಂದು ಕಟ್ಟಪ್ಪಣೆಯಾದ ಮೇಲೆ ಅವಳ ಕೈಗೆ ಇನ್ನೊಂದು ಮಗು ಬೇಕಿತ್ತು.

ಮನೆಯಲ್ಲಿ ಆದ ಬದಲಾವಣೆ ದೊಡ್ಡದೇನಲ್ಲ. ಶಿಶುವಿಹಾರದಿಂದ ಬರುವಾಗ ನಾನೂ ಹುಡುಗನೂ ದಾರಿ ಬದಲಿಸಿದ್ದೇವೆ. ಹಿಂದಿನ ಅಡ್ಡರಸ್ತೆಯಲ್ಲಿ ಬಂದರೆ 31 ಸರಪಳಿ. ಐದು ಹೆಚ್ಚು, ಆದರೆ ಅಂಗಡಿ ಒಂದೇ, ಅದೂ ಸೈಕಲ್ ರಿಪೇರಿಯದು. ಹುಡುಗ ಅಲ್ಲಿ ಹತ್ತು ನಿಮಿಷ ನಿಂತು ಪಂಕ್ಚರು ಹಾಕುವುದನ್ನು ನೋಡುತ್ತಾನೆ. ಮೊದಲ ವಾರ ಹಳೆಯ ದಾರಿಗಾಗಿ ರಸ್ತೆಯಲ್ಲಿಯೇ ಕುಳಿತು ಅತ್ತದ್ದುಂಟು. ಹೋಗುವವರೆಲ್ಲ ಈ ಮುದುಕ ಮಗುವನ್ನು ಹೊಡೆದನೆಂದು ತಿಳಿದು ನನ್ನನ್ನು ದುರುಗುಟ್ಟಿ ನೋಡಿದರು. ಅಂಗಡಿಯವನಿಗೂ ಪೊಟ್ಟಣದ ಸರವನ್ನು ಎರಡಡಿ ಮೇಲಕ್ಕೆ ಕಟ್ಟೆಂದು ಹೇಳಿ ನೋಡಿದೆ. ಒಂದು ಸರವನ್ನು ಕಟ್ಟಿದ, ನನ್ನ ಮುಖ ನೋಡಿ. ಉಳಿದ ಆರು ಇದ್ದಲ್ಲಿಯೇ ಇವೆ.

ಮಗನ ಗಂಟೆಯದೇ ಕಷ್ಟವಾಯಿತು. ಪಿಜ್ಜಾ ನಿಂತ ಮೊದಲ ರಾತ್ರಿ ಅನಿರುದ್ಧ ಬಾಗಿಲಿಗೆ ಓಡಿಬಂದು ಬರಿಗೈ ನೋಡಿ ಹಿಂದಕ್ಕೆ ಹೋಗಿಬಿಟ್ಟ. ಮಗ ಚಪ್ಪಲಿ ಬಿಚ್ಚದೆ ಅಲ್ಲಿಯೇ ನಿಂತಿದ್ದ. ಆ ಮುಖವನ್ನು ನೋಡಿ, ಒಂದು ಪೊಟ್ಟಣ ತಂದುಬಿಡು ಹೋಗಲಿ ಎಂದು ಹೇಳಲು ನನ್ನ ನಾಲಿಗೆಯೂ ತುದಿಯಲ್ಲಿ ನಿಂತಿತ್ತು. ಮೂರನೆಯ ರಾತ್ರಿ ಮಗ ಏನೂ ತರದೆ ಬಂದು, "ಬಾರೋ, ಕೆಳಗೆ ಹೋಗಿ ಬರೋಣ" ಎಂದು ಅವನನ್ನು ಕರೆದುಕೊಂಡು ಹೋದ. ಎಲ್ಲಿಗೆಂದು ನಾನು ಕೇಳಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಇಬ್ಬರೂ ಬೆವೆತು ಬಂದರು. ಬೀದಿ ದೀಪದ ಕೆಳಗೆ ಒಬ್ಬರ ನೆರಳನ್ನು ಒಬ್ಬರು ತುಳಿಯುವ ಆಟವಂತೆ. ಈಗ ಅದು ವಾರದಲ್ಲಿ ಮೂರು ನಾಲ್ಕು ದಿನ ನಡೆಯುತ್ತದೆ. ಉಳಿದ ದಿನ ಮಗ ಬರುವುದೇ ಹುಡುಗ ಮಲಗಿದ ಮೇಲೆ. ಭಾನುವಾರ ಎಲ್ಲರೂ ದರ್ಶಿನಿಗೆ ಹೋಗಿ ಇಡ್ಲಿ ತಿನ್ನುತ್ತೇವೆ, ಆಗೊಮ್ಮೆ ಈಗೊಮ್ಮೆ ಐಸ್‌ಕ್ರೀಮೂ ಆಗುತ್ತದೆ. ಅದಕ್ಕೆ ವೈದ್ಯೆಯ ಅಡ್ಡಿಯಿಲ್ಲ.

ಆರು ತಿಂಗಳ ಬಳಿಕ ಮತ್ತೆ ಗೋಡೆಗೆ ನಿಲ್ಲಿಸಿದಾಗ ಎತ್ತರ 108 ಸೆಂಟಿಮೀಟರು ಮೀರಿತ್ತು; ತೂಕ 21 ಕಿಲೋ 200 ಗ್ರಾಮು. ಚುಕ್ಕೆ ಗೆರೆಯ ಮೇಲೆಯೇ ಬಂದು ಕುಳಿತಿದೆ. ಒಳಗೂ ಅಲ್ಲ, ಹೊರಗೂ ಅಲ್ಲ. ಇಂತಹ ಗಡಿಯ ಕಲ್ಲುಗಳ ಮೇಲೆಯೇ ನ್ಯಾಯಾಲಯಗಳಲ್ಲಿ ಇಪ್ಪತ್ತು ವರ್ಷ ವ್ಯಾಜ್ಯ ನಡೆದುದನ್ನು ನಾನು ಬಲ್ಲೆ. ವೈದ್ಯೆ ಇನ್ನಾರು ತಿಂಗಳಿಗೆ ಬನ್ನಿರೆಂದು ದಿನ ಬರೆದುಕೊಟ್ಟಿದ್ದಾರೆ. ಅಷ್ಟರೊಳಗೆ ಅನಿರುದ್ಧ ಒಂದನೆಯ ತರಗತಿಗೆ ದೊಡ್ಡ ಶಾಲೆಗೆ ಸೇರಬೇಕು. ಅದು ನಮ್ಮ ಮನೆಗೆ 70 ಸರಪಳಿ, ವಾಹನದಲ್ಲಿಯೇ ಹೋಗಿಬರುವುದು. ಆ ಶಾಲೆಯ ಗೇಟಿನ ಮುಂದಿನ ಸಾಲನ್ನು ನಾನಿನ್ನೂ ಅಳೆದಿಲ್ಲ. ಬರುವ ಸೋಮವಾರ ಹೋಗಬೇಕೆಂದಿದ್ದೇನೆ.